ಸೀತೆಯ ಅಳಿವೆಯಲ್ಲಿ ಒಂದಿರುಳು

ಉಡುಪಿಯಿಂದ ಕುಂದಾಪುರಕ್ಕೆ ಸಾಗುವ ಹೆದ್ದಾರಿಯಲ್ಲಿ ಬ್ರಹ್ಮಾವರವನ್ನು ದಾಟಿ ಸಾಸ್ತಾನವನ್ನು ಮುಟ್ಟುವ ಮುನ್ನ ಮಾಬುಕಳದ ಸೇತುವೆ ಎದುರಾಗುವುದು. ಮೋಟಾರು ಆ ಸೇತುವೆಯ ಮೇಲೆ ಓಡುವ ಕಾಲ ಅರೆನಿಮಿಷವನ್ನು ಮೀರದು. ಅಷ್ಟರಲ್ಲಿ ಪಡುವಲಿಗೆ ಕಣ್ಣು ಹೊರಳಿಸಿದವರಿಗೆ ಅಗಲವಾದ ನೀರು, ಅದರ ನಡುವೆ ತೆಂಗಿನ ಮರಗಳನ್ನು ಹೊತ್ತು ನಿಂತ ಕುದ್ರುಗಳು, ಬಲುದೂರದಲ್ಲಿ ಕಡಲಿನ ಬಿಳಿಗೆರೆ ಇವಿಷ್ಟು ತೋರಿ ಮಾಯವಾಗುವುವು. ಕೋಟದ ಸೀಮೆಯವರಾದ ನಾವು ಈ ಅರೆನಿಮಿಷದ ದರ್ಶನವನ್ನು ಎಷ್ಟು ಸಲ ಮಾಡಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ಆದರೆ ನಮ್ಮ ಊರು ನೀರಿನ ಕಡೆಯಿಂದ ಹೇಗೆ ಕಾಣುವುದೆಂಬುದನ್ನು ಬಲ್ಲವರು ನಮ್ಮಲ್ಲಿ ವಿರಳ. ಸೇತುವೆಗಳಿಲ್ಲದ ಕಾಲದಲ್ಲಿ ಸಂಗತಿ ಹಾಗಿರಲಿಲ್ಲ. ಆಗ ತೆಂಕಣಿಂದ ಬಡಗಣಕ್ಕೆ ನಡೆಯುವ ದಾರಿ ಹೊಳೆಹೊಳೆಗೂ ಮುರಿದು, ಪ್ರತಿಯೊಂದು ಕಡವಿನಲ್ಲಿಯೂ ಪಯಣಿಗನು ದೋಣಿಗಾಗಿ ಕಾಯಬೇಕಾಗಿತ್ತು. ಭಾರವಾದ ಸರಕೆಲ್ಲ ನೀರಿನ ಮೇಲೆಯೇ ಸಾಗುತ್ತಿತ್ತು. ನೀರೇ ರಾಜಮಾರ್ಗ, ನೆಲ ಅದರ ಕವಲುದಾರಿ.

ಆ ಹಳೆಯ ರಾಜಮಾರ್ಗದಲ್ಲಿ, ಹಳೆಯ ಕ್ರಮದಿಂದಲೇ, ಎಂದರೆ ಹಾಯಿದೋಣಿಯಲ್ಲಿ, ಒಂದು ಹಗಲು ಸಂಚರಿಸಿ ಒಂದಿರುಳು ಲಂಗರು ಹಾಕಿ ಕಳೆಯಬೇಕೆಂಬುದು ನಮ್ಮ ಬಹುಕಾಲದ ಅಪೇಕ್ಷೆಯಾಗಿತ್ತು. ಕಳೆದ ಮಾಘಮಾಸದಲ್ಲಿ ಅದು ನೆರವೇರಿತು. ಆ ಪ್ರವಾಸದ ವೃತ್ತಾಂತವನ್ನೂ, ಅದರಿಂದ ತಿಳಿದುಬಂದ ಕೆಲವು ಸಂಗತಿಗಳನ್ನೂ ವಾಚಕರ ಮುಂದಿಡುವೆವು.

ಮೊದಲು ಸ್ಥಳದ ಸ್ವರೂಪವನ್ನು ಹೇಳತಕ್ಕದ್ದು. ಸೀತಾನದಿಯು ಆಗುಂಬೆಯ ಕಡೆಯ ಘಟ್ಟಗಳಲ್ಲಿ ಹುಟ್ಟಿ, ಸೋಮೇಶ್ವರದ ಕಾಡು, ಹೆಬ್ರಿ, ಬಾರಕೂರುಗಳನ್ನು ಹಾದು ಪಡುವಲಿಗೆ ಬರುವುದು. ಸ್ವರ್ಣಾನದಿಯು ಕಾರ್ಕಳದ ಕಡೆಯ ಘಟ್ಟದಿಂದ ಇಳಿದು, ಕಲ್ಯಾಣಪುರವನ್ನು ಬಳಸಿ, ಕಡಲು ಕೂಗಳತೆಯಲ್ಲಿದ್ದರೂ ಅದನ್ನು ಸೇರದೆ, ಮರಳದಿಣ್ಣೆಯ ಬೆನ್ನಿಗೆ ಬಡಗಣಕ್ಕೆ ತಿರುಗುವುದು. ಈ ಎರಡು ನದಿಗಳೂ ಕೋಡಿ ಬೆಂಗ್ರೆಯ ಬಳಿ ಕೂಡಿಕೊಂಡು ಒಂದೇ ಬಾಯಿಂದ ಸಮುದ್ರವನ್ನು ಸೇರುವುವು. ಈ ಬಾಯಿಗೆ ನಮ್ಮವರು ಅಳಿವೆ ಎನ್ನುವರು. ಅಳಿವೆಯಿಂದ ಬಡಗಲಾಗಿ ಹಿನ್ನೀರಿನ ಒಂದು ತೋಳು ಸಾಸ್ತಾನದ ಕೋಡಿಯ ಹಿಂಬದಿಯಲ್ಲಿ ಸಾಗಿ, ಸಾಲಿಗ್ರಾಮದ ಪಾರಂಪಳ್ಳಿಯ ಕಡೆಗೆ, ಕೋಟದ ಮಗ್ಗುಲಿಗೆ ಬರುವುದು. ಹೊಳೆ ತಂದ ಮರಳನ್ನು ಕಡಲಿನ ಅಲೆ ಹಿಂದಕ್ಕೆ ನೂಕುತ್ತ ಬಂದುದರಿಂದ ಈ ಉದ್ದವಾದ ಮರಳದಿಣ್ಣೆಗಳು ಬೆಳೆದವು. ಕೋಡಿ ಎಂಬ ಹೆಸರು ಅವುಗಳ ಆಕಾರಕ್ಕೆ ಅನ್ವರ್ಥವಾಗಿದೆ. ಒಂದು ಮಗ್ಗುಲಲ್ಲಿ ಅಬ್ಬರಿಸುವ ಉಪ್ಪುನೀರು, ಇನ್ನೊಂದು ಮಗ್ಗುಲಲ್ಲಿ ಮೌನದ ಹಿನ್ನೀರು, ನಡುವೆ ಕೆಲವು ಮಾರು ಮರಳು. ಆ ಮರಳಿನ ಮೇಲೆ ಮನೆ, ಬಾವಿ, ತೆಂಗು, ಸಂಸಾರ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ‘ಮರಳಿ ಮಣ್ಣಿಗೆ’ ಕಾದಂಬರಿಗೆ ಈ ಕೋಡಿಯನ್ನೇ ನೆಲೆಯಾಗಿ ಮಾಡಿಕೊಂಡರೆಂಬುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ.

ನೀರಿನ ಪ್ರವಾಸಕ್ಕೆ ಗಡಿಯಾರಕ್ಕಿಂತ ಪಂಚಾಂಗ ಮುಖ್ಯ. ಚಂದ್ರನ ವೃದ್ಧಿಕ್ಷಯಗಳಿಗೂ ಸಮುದ್ರದ ಏರಿಳಿತಗಳಿಗೂ ಇರುವ ಸಂಬಂಧವನ್ನು ನಮ್ಮ ಸಂಸ್ಕೃತ ಕವಿಗಳು ಉಪಮಾನವಾಗಿ ಬಳಸಿ ದಣಿದಿದ್ದಾರೆ. ನಮ್ಮ ಅಂಬಿಗರು ಅದನ್ನು ಬೆರಳಲ್ಲಿ ಎಣಿಸುತ್ತಾರೆ. ಲೆಕ್ಕ ಹೀಗೆ: ಹುಣ್ಣಿಮೆ ಅಮಾವಾಸ್ಯೆಗಳಂದು ನಮ್ಮ ಕರಾವಳಿಯಲ್ಲಿ ಭರತವು ನಡುಹಗಲಿಗೂ ನಡುರಾತ್ರಿಗೂ ಕೊಂಚ ಮುಂಚಿತವಾಗಿ ತುಂಬುವುದು. ಅಲ್ಲಿಂದ ಮುಂದೆ ಒಂದೊಂದು ತಿಥಿಗೂ ಸುಮಾರು ಎರಡು ಘಳಿಗೆಯಷ್ಟು ತಡವಾಗುತ್ತ ಹೋಗುವುದು. ಒಂದು ಘಳಿಗೆಗೆ 24 ನಿಮಿಷವಾದುದರಿಂದ ದಿನಕ್ಕೆ 48 ನಿಮಿಷವಾಯಿತು. ಇಂದಿನ ಶಾಸ್ತ್ರಜ್ಞರು ಹೇಳುವ ಲೆಕ್ಕವೂ ಸುಮಾರು 50 ನಿಮಿಷ. ಹುಣ್ಣಿಮೆ ಅಮಾವಾಸ್ಯೆಗಳ ಆಚೀಚೆ ಏರಿಳಿತಗಳೆರಡೂ ಜೋರು. ಅಷ್ಟಮಿಯ ಸುಮಾರಿಗೆ ಎರಡೂ ಮಂದ. ಇದಿಷ್ಟನ್ನು ತಿಳಿದವನು ಮನೆಯಲ್ಲಿ ಕುಳಿತೇ ಹೊಳೆಯ ನೀರು ಈಗ ಯಾವ ದಿಕ್ಕಿಗೆ ಹರಿಯುತ್ತಿದೆಯೆಂದು ಹೇಳಬಲ್ಲನು.

ನಾವು ಆರಿಸಿಕೊಂಡದ್ದು ಶುಕ್ಲ ದ್ವಾದಶಿ. ಅಂದು ಬೆಳಿಗ್ಗೆ ಒಂಬತ್ತರ ಸುಮಾರಿಗೆ ನೀರು ತುಂಬಿ, ಮಧ್ಯಾಹ್ನ ಮೂರರವರೆಗೆ ಇಳಿದು, ಮತ್ತೆ ರಾತ್ರಿ ಒಂಬತ್ತರವರೆಗೆ ಏರಬೇಕು. ಎಂದರೆ ಪೂರ್ವಾಹ್ನದಲ್ಲಿ ಇಳಿತದೊಡನೆ ಅಳಿವೆಗೆ ಹೋಗಬಹುದು. ಅಪರಾಹ್ನದಲ್ಲಿ ಏರುನೀರಿನೊಡನೆ ಸೀತೆಯಲ್ಲಿ ಮೇಲಕ್ಕೆ ಸಾಗಬಹುದು. ಗಾಳಿಯೂ ಈ ಲೆಕ್ಕಕ್ಕೆ ಒಪ್ಪುವಂತಹುದು. ಚಳಿಗಾಲದಲ್ಲಿ ನಮ್ಮಲ್ಲಿ ಬೆಳಗಿನ ತನಕ ನೆಲದ ಗಾಳಿ ಮೂಡಣಿಂದ ಬೀಸುವುದು. ಬಿಸಿಲೇರಿ ನೆಲ ಕಾದ ಮೇಲೆ ಕಡಲ ಗಾಳಿ ಪಡುವಲಿನಿಂದ ಒಳಕ್ಕೆ ನುಗ್ಗುವುದು. ನೀರೂ ಗಾಳಿಯೂ ಈ ರೀತಿ ದಿನಕ್ಕೆ ಎರಡೆರಡು ಬಾರಿ ದಿಕ್ಕು ಬದಲಿಸುವ ಊರಿನಲ್ಲಿ ತಾಳ್ಮೆಯೊಂದಿದ್ದರೆ ಸಾಕು, ಕೂಲಿಯಿಲ್ಲದ ಎರಡು ಎತ್ತುಗಳು ಗಾಡಿಗೆ ಹೂಡಲು ಸಿದ್ಧವಾಗಿಯೇ ಇರುತ್ತವೆ.

ದೋಣಿಯೊಡೆಯನು ಎಪ್ಪತ್ತು ದಾಟಿದ ಮೊಗವೀರ ವೃದ್ಧನು. ಹರೆಯದಲ್ಲಿ ಸರಕಿನ ಮಂಜಿಗಳಲ್ಲಿ ಖಲಾಸಿಯಾಗಿ ಮುಂಬಯಿಯ ತನಕ ಹೋಗಿ ಬಂದವನು. ಈಗ ಕಡಲಿಗೆ ಹೋಗುವ ದೋಣಿಗಳೆಲ್ಲ ಯಂತ್ರದವು. 1970ರ ದಶಕದ ಮಧ್ಯದಿಂದ ದೊಡ್ಡ ಬಲೆಯ ಯಂತ್ರದೋಣಿಗಳು ನಮ್ಮ ಕರಾವಳಿಗೆ ಬಂದ ಬಳಿಕ ದಡದಿಂದ ಎಳೆಯುವ ರಂಪಣಿಯೂ, ಅದರ ಹಿಂದೆಯೇ ಹಾಯಿಯೂ ಮೂಲೆ ಸೇರಿದುವು. ಈತನು ಮಾತ್ರ ತನ್ನ ಸಣ್ಣ ದೋಣಿಗೆ ಕೂವೆಯನ್ನೂ ಮೂರು ಮೂಲೆಯ ಹಾಯಿಯನ್ನೂ ಉಳಿಸಿಕೊಂಡಿದ್ದನು. ಅವನೊಡನೆ ಹದಿನಾರು ವಯಸ್ಸಿನ ಮೊಮ್ಮಗನಿದ್ದನು. ಹುಡುಗನಿಗೆ ಯಂತ್ರವನ್ನು ಬಿಚ್ಚಿ ಜೋಡಿಸಲು ಬರುತ್ತಿತ್ತು. ಹಾಯಿ ಬಿಚ್ಚಲು ಬರುತ್ತಿರಲಿಲ್ಲ. ಅವನ ಒತ್ತಾಯಕ್ಕಾಗಿ ಒಂದು ಸಣ್ಣ ಯಂತ್ರವನ್ನೂ ದೋಣಿಯ ಹಿಂಬದಿಗೆ ಕಟ್ಟಿದ್ದಾಯಿತು. “ಇರ್ಲಿ ಮಾಷ್ಟ್ರೆ, ಅದೂ ಗಾಳಿ ತಿನ್ಲಿ” ಎಂದು ಮುದುಕನು ನಕ್ಕನು.

ದೋಣಿಯ ಅಂಗಾಂಗಗಳ ಹೆಸರುಗಳು ನಮಗೆ ಒಂದು ಸಣ್ಣ ಪಾಠವೇ ಆದುವು. ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ಪಟಸ್ತಂಭಕ್ಕೆ ಕೂಪಕವೆಂದೂ, ಹುಟ್ಟಿಗೆ ಕ್ಷೇಪಣಿಯೆಂದೂ ಹೆಸರಿಟ್ಟಿದ್ದಾನೆ. ನಮ್ಮ ಅಂಬಿಗನು ಎಂದೂ ಆ ಕೋಶವನ್ನು ಓದಿದವನಲ್ಲ. ಆದರೂ ಪಟಸ್ತಂಭಕ್ಕೆ ಅವನ ಬಾಯಲ್ಲಿ ಬರುವ ಕೂವೆ ಎಂಬ ಮಾತು ಕೂಪಕವನ್ನು ಎಷ್ಟು ಹೋಲುತ್ತದೆ! ಲಂಗರು ಎಂಬುದು ಪಾರಸೀಕರ ಮಾತು. ಚುಕ್ಕಾಣಿಯೂ ಖಲಾಸಿಯೂ ಅರಬ್ಬೀ ಮೂಲದವು. ಹುಟ್ಟು, ಹಾಯಿ, ಜಲ್ಲೆಗಳು ನಮ್ಮ ಮನೆಯವು. ಹನ್ನೆರಡು ಮೊಳದ ದೋಣಿಯಲ್ಲಿ ಸಂಸ್ಕೃತ, ಪಾರಸಿ, ಅರಬ್ಬೀ, ಕನ್ನಡಗಳು ಒಂದೇ ಹಗ್ಗವನ್ನು ಹಿಡಿದು ನಿಂತಿರುವುವು. ನಮ್ಮ ಕರಾವಳಿಯ ಇತಿಹಾಸವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವ ಪುಸ್ತಕವುಂಟೆ?

ಮನೆಯವರು ಕಟ್ಟಿಕೊಟ್ಟ ಬುತ್ತಿಯಲ್ಲಿ ಕೊಟ್ಟೆಕಡುಬು, ಮೊಸರನ್ನ, ಮಿಡಿ ಉಪ್ಪಿನಕಾಯಿ, ಹುರಿದ ಅವಲಕ್ಕಿ, ಬೆಲ್ಲ, ಬಾಳೆಹಣ್ಣುಗಳಿದ್ದುವು. ಕುಡಿಯುವ ನೀರನ್ನು ಎರಡು ಕೊಡಪಾನಗಳಲ್ಲಿ ತುಂಬಿಸಿದೆವು. ನೀರಿನ ಮೇಲೆ ಹೋಗುವವರು ಮರೆಯುವ ಮೊದಲನೆಯ ವಸ್ತು ನೀರೇ ಎಂದು ಅಂಬಿಗನ ಎಚ್ಚರಿಕೆ.

ಒಂಬತ್ತೂವರೆಗೆ ಪಾರಂಪಳ್ಳಿಯಿಂದ ಹೊರಟೆವು. ನೀರು ತುಂಬಿ ನಿಂತು, ಆಗತಾನೆ ಇಳಿಮುಖವಾಗಿತ್ತು. ನೀರಿನ ಮೇಲೆ ಬಿದ್ದಿದ್ದ ಒಂದು ಹಳದಿ ಎಲೆ ಮೊದಲು ಸ್ತಬ್ಧವಾಗಿದ್ದು, ಬಳಿಕ ಮೆಲ್ಲನೆ ತೆಂಕಣಕ್ಕೆ ಹೊರಟಿತು. ಅದೇ ನಮಗೆ ಮುಹೂರ್ತ. ಮೂಡಣ ಗಾಳಿ ಹಾಯಿಯನ್ನು ಒಂದು ಮಗ್ಗುಲಿನಿಂದ ತುಂಬಿತು. ದೋಣಿ ಸದ್ದಿಲ್ಲದೆ ಜಾರತೊಡಗಿತು. ಯಂತ್ರದ ದೋಣಿಯಲ್ಲಿ ಕೂತವನಿಗೆ ದಡ ಕಾಣುವುದು ಮಾತ್ರ. ಹಾಯಿದೋಣಿಯಲ್ಲಿ ಕೂತವನಿಗೆ ದಡ ಕೇಳಿಸುತ್ತದೆ. ಬಾವಿಯ ರಾಟೆಯ ಕೀರಲು, ತೆಂಗಿನಕಾಯಿ ಸುಲಿಯುವ ಸದ್ದು, ಮಗುವನ್ನು ಗದರುವ ತಾಯಿಯ ಧ್ವನಿ, ಯಾವುದೋ ಮನೆಯ ಪೂಜೆಯ ಗಂಟೆ ಎಲ್ಲವೂ ನೀರಿನ ಮೇಲೆ ತೇಲಿ ನಮ್ಮಲ್ಲಿಗೆ ಬಂದುವು.

ಎರಡು ದಡಗಳಲ್ಲಿಯೂ ಕಾಂಡ್ಲಾ ಗಿಡಗಳು. ಇವುಗಳ ಬೇರುಗಳು ಕಾಲುಗಳಂತೆ ನೀರಿನಿಂದ ಮೇಲೆದ್ದು ಗಿಡವನ್ನು ಹೊತ್ತು ನಿಂತಿರುವುವು. ಕೆಲವು ಜಾತಿಯವುಗಳಲ್ಲಿ ಬೀಜವು ತಾಯಿಗಿಡದಲ್ಲಿರುವಾಗಲೇ ಮೊಳೆತು, ಈಟಿಯಂತೆ ನೀಳವಾಗಿ ಬೆಳೆದು, ಬಳಿಕ ಕೆಸರಿಗೆ ಬಿದ್ದು ನಾಟಿಕೊಳ್ಳುವುದು. ಏರಿಳಿತದ ನೀರಿನಲ್ಲಿ ಸಾಮಾನ್ಯ ಬೀಜ ಕೊಚ್ಚಿ ಹೋಗುವುದಷ್ಟೆ. ಆದಕಾರಣ ಮಗುವನ್ನು ನಡೆಯುವಷ್ಟು ಬೆಳೆಸಿಯೇ ಮನೆಯಿಂದ ಕಳುಹಿಸುವ ಜಾಣ್ಮೆ ಈ ಗಿಡದ್ದು. ಬೇರುಗಳ ಸಂದಿಯಲ್ಲಿ ಸೀಗಡಿ, ಏಡಿ, ಕಾನೆ ಮೀನುಗಳ ಮರಿಗಳು ಬೆಳೆಯುವುವು. ದಡದ ಮಣ್ಣನ್ನು ಹಿಡಿದಿಡುವುದೂ ಇವೇ. ಈಚೆಗೆ ಈ ಕಾಂಡ್ಲಾವನವನ್ನು ನೋಡಲು ಸಣ್ಣ ಹುಟ್ಟುದೋಣಿಗಳಲ್ಲಿ ದೂರದೂರುಗಳ ತರುಣರು ಬರುತ್ತಿರುವುದು ಸಂತೋಷದ ಸಂಗತಿ. ನಮ್ಮ ಬಾಲ್ಯದಲ್ಲಿ ಇದನ್ನು ಕೆಸರಿನ ಪೊದೆಯೆಂದು ಹಿರಿಯರು ಕಡೆಗಣಿಸಿದ್ದರು. ಮಿಂಚುಳ್ಳಿಯೊಂದು ನಮಗಿಂತ ಮುಂದೆ ಕೊಂಬೆಯಿಂದ ಕೊಂಬೆಗೆ ಹಾರುತ್ತ ಬಹುದೂರ ದಾರಿ ತೋರಿಸಿತು.

ಸೇತುವೆಗಳು ಎದುರಾದಲ್ಲಿ ಕೂವೆಯನ್ನು ಮಲಗಿಸಿ, ಜಲ್ಲೆ ಊರಿ ದಾಟಿದೆವು. ಹನ್ನೊಂದರ ಸುಮಾರಿಗೆ ಮೂಡಣ ಗಾಳಿ ನಿಂತಿತು. ಹಾಯಿ ಒಗೆದ ಪಂಚೆಯಂತೆ ಜೋತುಬಿತ್ತು. ಹುಡುಗನು ಯಂತ್ರದ ಕಡೆಗೆ ನೋಡಿದನು. “ಹೊಳಿಗೆ ಅವಸ್ರ ಇಲ್ಲೆ ಮಗಾ, ನಮ್ಗೇ ಅವಸ್ರ” ಎಂದು ಅಜ್ಜನು ಎಲೆಯಡಿಕೆಯ ಚೀಲವನ್ನು ಬಿಚ್ಚಿದನು. ಇಳಿತವೇ ನಮ್ಮನ್ನು ಮೆಲ್ಲಗೆ ಒಯ್ದು, ನಡುಹಗಲು ಕಳೆಯುವುದರೊಳಗೆ ಹಂಗಾರಕಟ್ಟೆಯ ಎದುರಿಗೆ ನಿಲ್ಲಿಸಿತು.

ಹಂಗಾರಕಟ್ಟೆ ಹಳೆಯ ಬಂದರ. ಅಕ್ಕಿ, ತೆಂಗು, ಹೆಂಚುಗಳನ್ನು ಹೊತ್ತ ಮಂಜಿಗಳು ಇಲ್ಲಿಂದ ಹೊರಟು ಹೋಗುತ್ತಿದ್ದುವು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹೊಳೆಯ ಜೇಡಿಮಣ್ಣಿಗೂ ಬೆಲೆ ಬಂದು, ನಮ್ಮ ಕರಾವಳಿಯ ಕೆಂಪು ಹೆಂಚು ಹಡಗೇರಿತು. ಈಗ ಮಂಜಿಗಳಿಲ್ಲ, ಮೀನುದೋಣಿಗಳಿವೆ, ಹಡಗು ಕಟ್ಟುವ ಕಾರ್ಖಾನೆಯೊಂದಿದೆ. ದಡದಲ್ಲಿ ಮರದ ದೋಣಿಯೊಂದು ಬೋರಲಾಗಿ ಮಲಗಿತ್ತು. ಹೆಬ್ಬಲಸಿನ ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿದು ಕಟ್ಟಿದ ಹಳೆಯ ಮಾದರಿ. ಮೊಳೆ ಹೊಡೆದ ದೋಣಿ ನೆಲಕ್ಕೆ ತಾಗಿದರೆ ಒಡೆಯುವುದು. ಹೊಲಿದ ದೋಣಿ ಬಳುಕಿ ಉಳಿಯುವುದು. ಅಲೆ ಒಡೆಯುವ ದಡಕ್ಕೆ ನೇರವಾಗಿ ಬಂದೇರುವ ನಮ್ಮ ಬೆಸ್ತರಿಗೆ ಈ ಗುಣ ಬೇಕಾಗಿತ್ತು.

ಅಳಿವೆಯ ಬಾಯಿಗೆ ನಾವು ಹೋಗಲಿಲ್ಲ, ದೂರದಿಂದಲೇ ನೋಡಿದೆವು. ಇಳಿತದ ಹೊಳೆ ಹೊರಕ್ಕೆ ನುಗ್ಗುವಾಗ ಕಡಲಿನ ಅಲೆ ಅದಕ್ಕೆ ಎದುರಾಗಿ, ನಡುವಿನ ಮರಳಿನ ಮೇಲೆ ಮುರಿದು ಬಿಳಿಯ ಗೋಡೆಯಾಗಿ ಏಳುತ್ತಿತ್ತು. ಈ ಮರಳದಿಣ್ಣೆ ಪ್ರತಿ ಮಳೆಗಾಲದಲ್ಲಿಯೂ ಜಾಗ ಬದಲಿಸುವುದು. ಹೋದ ವರ್ಷದ ದಾರಿ ಈ ವರ್ಷಕ್ಕೆ ದಾರಿಯಲ್ಲ. ತೆರೆದ ಕಡಲಿಗಿಂತ ಅಳಿವೆಯೇ ಹೆಚ್ಚು ಜನರನ್ನು ತಿಂದಿದೆ ಎಂದು ಅಂಬಿಗನು ಹೇಳಿ ಕೈಮುಗಿದನು. ನೂಲಹುಣ್ಣಿಮೆಯಂದು ನಮ್ಮ ಬೆಸ್ತರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸುವುದರ ಅರ್ಥವು ಆ ಬಿಳಿಯ ಗೋಡೆಯನ್ನು ಕಂಡವನಿಗೆ ವಿವರಿಸಬೇಕಾಗಿಲ್ಲ.

ಕೋಡಿಯ ಮರೆಯಲ್ಲಿ ದೋಣಿ ಕಟ್ಟಿ ಬುತ್ತಿ ಬಿಚ್ಚಿದೆವು. ಊಟವಾದ ಮೇಲೆ ಹುಡುಗನು ಕೇಳಿದನು, “ಮುಂಚೆ ಇಲ್ಲಿಗೆ ದೊಡ್ಡ ಹಡಗು ಬತ್ತಿದ್ವಂಬ್ರಲೆ, ಹೌದಾ ಮಾಷ್ಟ್ರೆ?” ಹೌದೆಂದು ಹೇಳಿ ನಾವು ಬಲ್ಲಷ್ಟನ್ನು ತಿಳಿಸಿದೆವು. ಸೀತೆಯ ದಡದ ಬಾರಕೂರು ಆಳುಪರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಹೆಸರಿನಿಂದ ಅಧಿಕಾರಿಯೊಬ್ಬನ ಆಳ್ವಿಕೆಯ ಕೇಂದ್ರವಾಗಿತ್ತು. 14ನೆಯ ಶತಮಾನದಲ್ಲಿ ಮೊರೊಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತನು ಈ ಕರಾವಳಿಯ ಗುಂಟ ಹಡಗಿನಲ್ಲಿ ಬಂದಾಗ ಫಾಕನೂರು ಎಂಬ ಪಟ್ಟಣದಲ್ಲಿ ಇಳಿದನು. ಆ ಫಾಕನೂರೇ ನಮ್ಮ ಬಾರಕೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ಕಬ್ಬು ಹೇರಳವಾಗಿತ್ತೆಂದು ಅವನು ಬರೆದಿದ್ದಾನೆ. ಅಲ್ಲಿಯ ಅರಸನ ಬಳಿ ಯುದ್ಧದ ಹಡಗುಗಳಿದ್ದುವಂತೆ. ಈ ಬಂದರದ ಮುಂದೆ ಹಾದುಹೋಗುವ ಯಾವ ಹಡಗೇ ಆಗಲಿ ಇಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಸಲ್ಲಿಸದೆ ಮುಂದುವರಿಯುವಂತಿರಲಿಲ್ಲ. ಮೀರಿ ಹೋದರೆ ಬೆನ್ನಟ್ಟಿ ತರುತ್ತಿದ್ದರು. 16ನೆಯ ಶತಮಾನದ ಮೊದಲಲ್ಲಿ ಪೋರ್ಚುಗೀಸರ ಬಾರ್ಬೊಸನು ಬಾರಕೂರು, ಬಸರೂರುಗಳಿಂದ ಹೊರಹೋಗುವ ಅಕ್ಕಿಯನ್ನು ಹೊಗಳಿದ್ದಾನೆ. ಹುಡುಗನು ಇದನ್ನೆಲ್ಲ ಕೇಳಿ, “ಹಂಗಾರೆ ನಾವೂ ಇವತ್ತ್ ಲಂಗರ್ ಹಾಕ್ಕೇ!” ಎಂದನು. ಇತಿಹಾಸದ ಪಾಠ ಇಷ್ಟು ಬೇಗ ಕಾರ್ಯರೂಪಕ್ಕೆ ಬಂದುದನ್ನು ನಾವು ಶಾಲೆಯಲ್ಲಿ ಎಂದೂ ಕಂಡಿರಲಿಲ್ಲ.

ನಾಲ್ಕು ಘಂಟೆಗೆ ಗಾಳಿಯೂ ನೀರೂ ಒಟ್ಟಾಗಿ ಒಳಮುಖವಾದುವು. ಕಡಲ ಗಾಳಿ ಬೆನ್ನಿಗೆ ಬಿದ್ದಿತು. ಕೂವೆ ಒಮ್ಮೆ ನರಳಿ, ಹಾಯಿ ತುಂಬುಹೊಟ್ಟೆಯ ಗಣಪತಿಯಂತೆ ಉಬ್ಬಿತು. ಸೀತೆಯಲ್ಲಿ ಮೇಲಕ್ಕೆ ಓಡಿದ ಆ ಒಂದೂವರೆ ಘಂಟೆಯ ಸುಖವನ್ನು ಬರೆದು ತೋರಿಸುವುದು ನಮ್ಮಿಂದಾಗದು. ತೆಂಕಣ ದಡದಿಂದ ತುಳು ಮಾತು, ಬಡಗಣ ದಡದಿಂದ ನಮ್ಮ ಕುಂದಗನ್ನಡ, ಎರಡೂ ಒಂದೇ ಗಾಳಿಯಲ್ಲಿ ಕಿವಿಗೆ ಬಿದ್ದುವು. ಚುಕ್ಕಾಣಿಯನ್ನು ಅಜ್ಜನು ಹುಡುಗನ ಕೈಗೆ ಕೊಟ್ಟನು. “ಹಾಯಿ ನೋಡ್ಬೇಡ, ಕೆನ್ನಿ ಮೇಲ್ ಗಾಳಿ ನೋಡ್” ಎಂಬುದೇ ಉಪದೇಶ. ಹುಡುಗನು ಮೊದಲು ಬಹಳ ತಪ್ಪಿದನು; ಬಳಿಕ ಕಡಿಮೆ ತಪ್ಪಿದನು; ಯಂತ್ರದ ಕಡೆಗೆ ನೋಡುವುದನ್ನು ಮರೆತನು.

ಪಾಂಡೇಶ್ವರದ ದಡವನ್ನು ಹಿಂದಿಕ್ಕಿ, ಮಾಬುಕಳದ ಸೇತುವೆ ಕಾಣುವಷ್ಟು ದೂರದಲ್ಲಿ, ಒಂದು ಕುದ್ರುವಿನ ಮರೆಯಲ್ಲಿ ಹಾಯಿ ಇಳಿಸಿದೆವು. ಲಂಗರು ಹಾಕುವುದು ಕಬ್ಬಿಣವನ್ನು ನೀರಿಗೆ ಎಸೆದಷ್ಟು ಸುಲಭವೆಂದು ತಿಳಿಯಬಾರದು. ಮೊದಲು ಜಲ್ಲೆಯಿಂದ ತಳವನ್ನು ನೋಡಬೇಕು. ಮರಳಾದರೆ ಜಲ್ಲೆ ಕಟಕಟನೆ ನುಡಿಯುವುದು, ಕೆಸರಾದರೆ ಹಿಡಿದುಕೊಳ್ಳುವುದು, ಕಲ್ಲಾದರೆ ಜಾರುವುದು. ಬಳಿಕ ಈಗಿನ ಆಳವನ್ನಲ್ಲ, ನಡುರಾತ್ರಿಯ ಮೇಲೆ ನೀರಿಳಿದಾಗ ಉಳಿಯುವ ಆಳವನ್ನು ಎಣಿಸಬೇಕು. ಆ ಬಳಿಕ ಆಳದ ನಾಲ್ಕೈದರಷ್ಟು ಉದ್ದದ ಹಗ್ಗವನ್ನು ಬಿಡಬೇಕು. ಹಗ್ಗ ಉದ್ದವಾದರೆ ಎಳೆತವು ನೆಲಕ್ಕೆ ಸಮವಾಗಿ ಬಂದು ಲಂಗರಿನ ಉಗುರುಗಳು ಇನ್ನಷ್ಟು ನಾಟುವುವು. ಗಿಡ್ಡವಾದರೆ ಎಳೆತವು ಮೇಲ್ಮುಖವಾಗಿ ಲಂಗರನ್ನು ಕಿತ್ತುಬಿಡುವುದು. ಕೊನೆಯದಾಗಿ, ನೀರು ತಿರುಗಿದಾಗ ದೋಣಿಯೂ ಪೂರ್ತಿ ಸುತ್ತುವುದರಿಂದ ಸುತ್ತಲೂ ಅಷ್ಟು ಜಾಗವಿರಬೇಕು. ಇಷ್ಟೆಲ್ಲ ವಿಚಾರ ಮಾಡಿ ಅಜ್ಜನು ನಾಲ್ಕುಗುರಿನ ಲಂಗರನ್ನು ಇಳಿಸಿದನು.

ಕುದ್ರುವಿನ ಮನೆಯ ಗೃಹಿಣಿಯೊಬ್ಬಳು ದೀಪ ಹಚ್ಚಿ ಹೊರಬಂದು, ನೀರಿನ ಮೇಲೆ ಹಾಯಿಯನ್ನು ಕಂಡು ಬೆರಗಾಗಿ ಯಾರೆಂದು ವಿಚಾರಿಸಿದಳು. ಅವಳಿಗೆ ನಮ್ಮಿಂದ ಬೇಕಾದುದು ಏನೂ ಇರಲಿಲ್ಲ. ಆದರೂ ನಮ್ಮಲ್ಲಿ ಕುಡಿಯುವ ನೀರಿದೆಯೆ ಎಂದು ಕೇಳಿದಳು. ಬೇಸಗೆಯಲ್ಲಿ ಹೊಳೆಯ ಸಿಹಿನೀರು ಸಣ್ಣಾದಂತೆ ಭರತದೊಡನೆ ಉಪ್ಪುನೀರು ಮೇಲೇರಿ ಬಾವಿಗೂ ಇಳಿಯುವುದಂತೆ. ಆಗ ಕೊಡಗಳನ್ನು ದೋಣಿಯಲ್ಲಿಟ್ಟುಕೊಂಡು ದಡದಿಂದ ನೀರು ತರಬೇಕಂತೆ. ಸುತ್ತಲೂ ನೀರು, ಮನೆಯಲ್ಲಿ ಕುಡಿಯಲು ನೀರಿಲ್ಲ. ಹೀಗಿದ್ದರೂ ಅಪರಿಚಿತರಿಗೆ ನೀರಿದೆಯೆ ಎಂದು ಮೊದಲು ಕೇಳುವ ಆ ಸೌಜನ್ಯವನ್ನು ನಾವು ಗೃಹಸ್ಥಧರ್ಮದ ಗ್ರಂಥಗಳಲ್ಲಿ ಓದಿದ್ದೆವು, ಅಂದು ಕಂಡೆವು.

ಮರಳು ತುಂಬಿದ ತಗಡಿನ ಡಬ್ಬಿಯ ಮೇಲೆ ಒಲೆಯಿಟ್ಟು ಅಜ್ಜನು ಗಂಜಿ ಬೇಯಿಸಿದನು. ಚಂದ್ರನು ನೆತ್ತಿಯ ಕಡೆಗೆ ಏರಿದ್ದನು. ಒಂಬತ್ತು ಘಂಟೆಯ ಬಳಿಕ ನೀರಿನ ಸೆಳೆತ ನಿಂತಿತು. ಅದುವರೆಗೆ ಪಡುವಲಿಗೆ ಮುಖ ಮಾಡಿದ್ದ ದೋಣಿ, ಯಾರೂ ಮುಟ್ಟದೆ, ಮೆಲ್ಲಮೆಲ್ಲನೆ ತಿರುಗಿ ಮೂಡಣಕ್ಕೆ ಮುಖ ಮಾಡಿತು. ನಾವು ಮಲಗಿದ್ದಲ್ಲಿಯೇ ಆಕಾಶವೆಲ್ಲ ಒಂದು ಅರೆಸುತ್ತು ಬಂದಂತಾಯಿತು. ಮಲಗುವ ಮುನ್ನ ಅಜ್ಜನು ಲಂಗರಿನ ಹಗ್ಗದ ಒಂದು ಸುತ್ತನ್ನು ಹುಡುಗನ ಕಾಲಿನ ಹೆಬ್ಬೆರಳಿಗೆ ಹಾಕಿ, “ಹಗ್ಗ ಮಾತಾಡತ್ತ್, ಕೇಣ್” ಎಂದನು. ದಿನವೂ ತನ್ನ ಕಾಲಿಗೇ ಹಾಕಿಕೊಳ್ಳುತ್ತಿದ್ದ ಸುತ್ತು ಅದು.

ನಡುರಾತ್ರಿ ಕಳೆದು ಒಂದು ಘಂಟೆಯಾಗಿರಬಹುದು. ಇಳಿತ ಜೋರಾಗಿತ್ತು, ನೆಲದ ಗಾಳಿಯೂ ಅದೇ ದಿಕ್ಕಿಗೆ ಎಬ್ಬಿತ್ತು. “ಅಜ್ಜಯ್ಯಾ!” ಎಂಬ ಕೂಗಿಗೆ ನಮಗೆ ಎಚ್ಚರವಾಯಿತು. ಹಗ್ಗ ನಡುಗುತ್ತಿತ್ತು; ಬಿಗಿಯಾಗಿ ನಿಲ್ಲದೆ ಗುಡುಗುಡನೆ ಅದುರಿ, ಸಡಿಲಾಗಿ, ಮತ್ತೆ ಅದುರುತ್ತಿತ್ತು. ಲಂಗರು ಹಿಡಿಯದೆ ತಳದ ಮೇಲೆ ಹರಿದಾಡುತ್ತಿತ್ತು. ಕುದ್ರುವಿನ ತೆಂಗುಗಳು ಬೆಳುದಿಂಗಳಲ್ಲಿ ನಮ್ಮಿಂದ ಮೆಲ್ಲಗೆ ದೂರವಾಗುತ್ತಿದ್ದುವು. ಕೆಳಗೆ, ದೂರದಲ್ಲಿ, ಅಳಿವೆಯ ಅಬ್ಬರ ಕೇಳುತ್ತಿತ್ತು.

ಹುಡುಗನ ಕೈ ಯಂತ್ರದ ಕಡೆಗೆ ಹೋಗಲಿಲ್ಲ. ಅವನು ಮೊದಲು ಇನ್ನಷ್ಟು ಹಗ್ಗ ಬಿಟ್ಟನು. ದೋಣಿ ತುಸು ತಡೆದು ಮತ್ತೆ ಜಾರಿತು. ಬಳಿಕ ಜಲ್ಲೆ ಊರಿದನು; ಜಲ್ಲೆ ತಳ ಮುಟ್ಟಲಿಲ್ಲ. ಅಜ್ಜನು ಎದ್ದು ಕೂತು, ಜಲ್ಲೆಯನ್ನು ತಾನೇ ತೆಗೆದುಕೊಂಡು ಊರಿ, ಬಹುಹೊತ್ತು ಸುಮ್ಮನಿದ್ದನು. “ಇಲ್ಲ್ ಗಟ್ಟಿ ಹೊಯ್ಗಿ ಇದ್ದಿತ್ತ್ ಮಾಷ್ಟ್ರೆ. ಈಗ ಹೊಂಡ” ಎಂದನು. ಐವತ್ತು ವರ್ಷಗಳಿಂದ ಅಂಗೈಯಂತೆ ಬಲ್ಲ ತಳ ಅಲ್ಲಿರಲಿಲ್ಲ. ಊರೂರಲ್ಲಿ ಮನೆ, ರಸ್ತೆ, ಸೇತುವೆಗಳಿಗಾಗಿ ಹೊಳೆಯ ಮರಳು ಹೋಗುತ್ತಿರುವುದನ್ನು ನಾವೆಲ್ಲ ಕಂಡಿದ್ದೆವು. ಅದು ಎಲ್ಲಿಂದ ಹೋಯಿತೆಂಬುದು ಆ ಕ್ಷಣದಲ್ಲಿ ತಿಳಿಯಿತು. ಹೊಂಡದ ಅಂಚಿನ ಸಡಿಲ ಮರಳಿನಲ್ಲಿ ಲಂಗರಿನ ಉಗುರು ಸಂಜೆಯ ಮಂದ ನೀರಿಗೆ ನಿಂತಿದ್ದು, ಇಳಿತದ ಸೆಳೆತಕ್ಕೆ ಕಿತ್ತುಬಂದಿತ್ತು.

ಅಜ್ಜ ಮೊಮ್ಮಕ್ಕಳು ಲಂಗರನ್ನೆತ್ತಿ, ಹುಟ್ಟು ಹಾಕಿ, ಓರೆಯಾಗಿ ಕುದ್ರುವಿನ ತಗ್ಗಿನ ಕಡೆಗೆ ದೋಣಿಯನ್ನು ತಂದರು. ಜಲ್ಲೆ ಅಲ್ಲಿ ಕೆಸರಿಗೆ ತಾಗಿ ಹಿಡಿದುಕೊಂಡಿತು. ನೀರಿಳಿದಾಗ ದೋಣಿ ಕೆಸರಿನ ಮೇಲೆ ಕೂತೀತು, ಕೂತರೂ ಚಿಂತೆಯಿಲ್ಲ. ಲಂಗರು ಬಿದ್ದಿತು; ಹಗ್ಗ ಬಿಗಿದು ನಿಂತಿತು. ಎಲ್ಲವೂ ಮುಗಿಯಲು ಅರೆಘಂಟೆ ಹಿಡಿಯಲಿಲ್ಲ. ಹುಡುಗನು ಹಗ್ಗದ ಸುತ್ತನ್ನು ತಾನಾಗಿಯೇ ಮತ್ತೆ ಕಾಲಿಗೆ ಹಾಕಿಕೊಂಡನು. ಅಜ್ಜನು ಆ ರಾತ್ರಿ ಮತ್ತೆ ಮಲಗಲಿಲ್ಲ. ತಳದ ಮಾತನ್ನೂ ಎತ್ತಲಿಲ್ಲ.

ನಾಲ್ಕರ ಸುಮಾರಿಗೆ ಚಂದ್ರನು ಮುಳುಗಿದನು. ಕತ್ತಲೆಯಲ್ಲಿ ಕೈಯನ್ನು ನೀರಿಗೆ ಅದ್ದಿದರೆ ಬೆರಳುಗಳ ಸುತ್ತ ನೀಲಿ ಕಿಡಿಗಳೆದ್ದುವು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅಲುಗಾಟಕ್ಕೆ ಬೆಳಕನ್ನು ಹೊರಡಿಸುವುದರಿಂದ ಹೀಗಾಗುವುದೆಂದು ಶಾಸ್ತ್ರಜ್ಞರು ವಿವರಿಸುವರು. ವಿವರಣೆಯನ್ನು ತಿಳಿದಿದ್ದರೂ ನಾವು ಮಕ್ಕಳಂತೆ ಬಹಳ ಹೊತ್ತು ನೀರನ್ನು ಕಲಕುತ್ತ ಕುಳಿತೆವು. ಬೆಳಕು ಹರಿದ ಮೇಲೆ ನೆಲದ ಗಾಳಿಯನ್ನು ಹಾಯಿಗೆ ಕೊಟ್ಟು ಹಂಗಾರಕಟ್ಟೆಯ ದಡಕ್ಕೆ ಬಂದು ಇಳಿದೆವು. ಯಂತ್ರವು ಹೋದಂತೆಯೇ ಹಿಂದಿರುಗಿತು.

ಈ ಪ್ರವಾಸದ ಬಳಿಕ ನಮಗೆ ತೋರುವ ಎರಡು ಮಾತುಗಳನ್ನು ಹೇಳಬೇಕು. ನದಿಯ ಮರಳು ಸುಮ್ಮನೆ ಬಿದ್ದ ಸಂಪತ್ತಲ್ಲ. ಅದು ಸಿಹಿನೀರನ್ನು ಹಿಡಿದಿಡುವ ಪಾತ್ರೆ, ಉಪ್ಪುನೀರನ್ನು ತಡೆಯುವ ಹೊಸ್ತಿಲು, ದಡಕ್ಕೆ ಅಡಿಪಾಯ. ತಳ ಆಳವಾದಷ್ಟೂ ಭರತದ ಉಪ್ಪುನೀರು ಸಲೀಸಾಗಿ ಮೇಲೇರುವುದು. ಕುದ್ರುವಿನ ಆ ಗೃಹಿಣಿಯ ಬಾವಿಗೂ ನಮ್ಮ ಲಂಗರು ಜಾರಿದುದಕ್ಕೂ ಸಂಬಂಧವಿಲ್ಲವೆಂದು ಹೇಳಲಾಗದು. ಮನೆ ಕಟ್ಟುವ ಗೃಹಸ್ಥರಾದ ನಾವೆಲ್ಲರೂ ಈ ಮರಳಿನ ಗಿರಾಕಿಗಳೇ. ಬೇಕಾದಷ್ಟನ್ನೇ, ನಿಯಮವಿರುವಲ್ಲಿಂದಲೇ, ಲೆಕ್ಕವಿಟ್ಟು ಬಳಸುವುದು ನಮ್ಮ ಕೈಯಲ್ಲಿರುವ ಕೆಲಸ. ಇನ್ನೊಂದು ಮಾತು: 2016ರ ರಾಷ್ಟ್ರೀಯ ಜಲಮಾರ್ಗಗಳ ಶಾಸನವು ನಮ್ಮ ಬಡಗಣ ನೆರೆಯ ಪಂಚಗಂಗಾವಳಿಯನ್ನು ಕೂಡ ಜಲಮಾರ್ಗಗಳ ಪಟ್ಟಿಗೆ ಸೇರಿಸಿದೆ. ಹೊಳೆಯನ್ನು ದಾರಿಯೆಂದು ಸರಕಾರವು ಮತ್ತೆ ಎಣಿಸುತ್ತಿರುವಾಗ, ಆ ದಾರಿಯನ್ನು ಬಲ್ಲ ಮುದುಕರು ಇನ್ನೂ ಕೆಲವರಿದ್ದಾರೆ. ಅವರ ವಿದ್ಯೆಗೆ ಪುಸ್ತಕವಿಲ್ಲ. ಅವರ ಜತೆಗೆ ದೋಣಿ ಹತ್ತಿದವನೇ ಶಿಷ್ಯ. ಅವರಿರುವಾಗ ಮಕ್ಕಳನ್ನು ಕಳುಹಿಸಿರಿ.

ಹೋಗಬಯಸುವ ಕುಟುಂಬಗಳಿಗೆ ಒಂದಿಷ್ಟು ಸೂಚನೆ. ಮಾರ್ಗಶಿರದಿಂದ ಫಾಲ್ಗುನದವರೆಗಿನ ಕಾಲ ಪ್ರಶಸ್ತ. ಮಳೆಗಾಲದಲ್ಲಿ ಹೊಳೆಯ ಹತ್ತಿರವೂ ಸುಳಿಯಬಾರದು. ಆಗ ಯಂತ್ರದ ಮೀನುದೋಣಿಗಳಿಗೂ ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯಲು ನಿಷೇಧವಿದೆ. ಅಳಿವೆಯ ಬಾಯಿಗೆ ಹೋಗಬೇಡಿರಿ. ಈಜು ಬಲ್ಲವರೂ ಬಾರದವರೂ ತೇಲುವ ಅಂಗಿಯನ್ನು ತೊಡಿರಿ. ಹೊರಡುವ ದಿನವನ್ನು ರಜೆಯ ಲೆಕ್ಕದಿಂದಲ್ಲ, ತಿಥಿಯ ಲೆಕ್ಕದಿಂದ ಆರಿಸಿರಿ. ಕುಡಿಯುವ ನೀರನ್ನು ಬೇಕೆನಿಸುವುದಕ್ಕಿಂತ ಒಂದು ಕೊಡ ಹೆಚ್ಚಾಗಿ ಒಯ್ಯಿರಿ. ಉಳಿದರೆ ಕುದ್ರುವಿನ ಯಾವುದಾದರೊಂದು ಮನೆಯ ಬಾಗಿಲಲ್ಲಿ ಇಳಿಸಿ ಬನ್ನಿರಿ.